ಮೈಗ್ರೇಷನ್ ಸರ್ಟಿಫಿಕೇಟ್ ಇಲ್ಲದೆ ಬಂದ ಹುಡುಗಿ

2024ರ ಅಕ್ಟೋಬರಿನಲ್ಲಿ ನಮ್ಮ ಎದುರು ಮನೆಗೆ ಸ್ಪೇನಿನ ಹುಡುಗಿಯೊಬ್ಬಳು ಬಂದಳು. ವಲೆನ್ಸಿಯಾದವಳು. ಮೆಕ್ಯಾನಿಕಲ್ ಓದುತ್ತಾಳೆ. ಒಂದು ಸೂಟ್‌ಕೇಸು, ಅದಕ್ಕೆ ಹಗ್ಗದಲ್ಲಿ ಕಟ್ಟಿದ ಪರಾತದಷ್ಟು ಅಗಲದ ಬಾಣಲೆ. ಅನ್ನ ಮಾಡೋಕೆ ಅಂದಳು. ಊರು ಬಿಟ್ಟು ಬರುವಾಗ ನಾನು ಶೇಂಗಾ ಚಟ್ನಿ ಡಬ್ಬಿ ತಂದವನು, ನಗುವ ಹಾಗಿರಲಿಲ್ಲ.

ಅದೇ ವಾರ ಊರಿಂದ ಅಕ್ಕನ ಫೋನು. ಅವಳ ಮಗ ಡಿಗ್ರಿ ಮುಗಿಸಿದ್ದಾನೆ. ನಮ್ಮದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಸೀಟು ಸಿಕ್ಕಿದೆ. ಮೈಗ್ರೇಷನ್ ಸರ್ಟಿಫಿಕೇಟ್, ಅಂದರೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗೋಕೆ ಹಳೆಯದು ಕೊಡುವ ಕಾಗದ, ಮಾತ್ರ ಸಿಕ್ಕಿಲ್ಲ.

"ಮೂರ್ ಸಲ ಅಡ್ಡಾಡಿ ಬಂದ ತಮ್ಮಾ. ಚಲನ್ ಕಟ್ಯಾನ. ಸಹಿ ಮಾಡೋ ಸಾಹೇಬ್ರು ರಜಾದ ಮ್ಯಾಲೆ ಹೋಗ್ಯಾರಂತ."

ನಾನಿರೋದು ಆಖೆನ್‌ನಲ್ಲಿ. ಜರ್ಮನಿಯ ಪಶ್ಚಿಮದ ತುದಿ. ನೆದರ್‌ಲ್ಯಾಂಡ್ಸಿನ ವಾಲ್ಸ್ ಊರಿಗೆ ಇಲ್ಲಿಂದ ಸಿಟಿ ಬಸ್ಸು ಹೋಗುತ್ತದೆ. ಬೆಲ್ಜಿಯಮ್ಮೂ ಪಕ್ಕದಲ್ಲೇ. ಮೂರು ದೇಶ ಸೇರುವ ಗುಡ್ಡಕ್ಕೆ ಭಾನುವಾರ ಸುಮ್ನೆ ನಡೆದು ಹೋಗಿ ಬರುತ್ತೇವೆ. 2002ರಲ್ಲಿ ಯೂರೋಪಿನ ಒಗ್ಗಟ್ಟಿಗೆ ದುಡಿದದ್ದಕ್ಕೆ ಅಂತ ಈ ಊರು ಯೂರೋ ನಾಣ್ಯಕ್ಕೇ ಪ್ರಶಸ್ತಿ ಕೊಟ್ಟಿತು. ಮನುಷ್ಯರಿಗಲ್ಲ, ದುಡ್ಡಿಗೆ! ಅಂಥ ಊರು.

ಎದುರು ಮನೆ ಹುಡುಗಿಯನ್ನು ಕೇಳಿದೆ: ಇಲ್ಲಿಗೆ ಬರೋಕೆ ಏನೇನು ಕಾಗದ ಮಾಡಿಸಿದೆ? ಅವಳು ಸ್ವಲ್ಪ ಯೋಚಿಸಿದಳು. ಲ್ಯಾಪ್‌ಟಾಪ್ ತೆಗೆದು ತೋರಿಸಿದಳು. ಒಂದು ಒಪ್ಪಂದ ಪತ್ರ. ಇಲ್ಲಿ ಓದುವ ವಿಷಯಗಳು ಒಂದು ಕಡೆ, ಅದಕ್ಕೆ ಬದಲಾಗಿ ಅಲ್ಲಿ ಬಿಡುವ ವಿಷಯಗಳು ಇನ್ನೊಂದು ಕಡೆ. ಸೆಮಿಸ್ಟರಿಗೆ 30 ಕ್ರೆಡಿಟ್. ಕೆಳಗೆ ಮೂರು ಸಹಿ: ಅವಳದು, ಅಲ್ಲಿಯವರದು, ಇಲ್ಲಿಯವರದು. ಫೀಸು ಅಲ್ಲೇ ಕಟ್ಟಿದ್ದಾಳೆ, ಇಲ್ಲಿ ಮತ್ತೆ ಕಟ್ಟುವ ಹಾಗಿಲ್ಲ. ಖರ್ಚಿಗೆ ಅಷ್ಟಿಷ್ಟು ದುಡ್ಡನ್ನೂ ಕೊಡುತ್ತಾರೆ. ವೀಸಾ ಇಲ್ಲ. ನವೆಂಬರಿನಲ್ಲಿ ಹಲ್ಲು ನೋವು ಬಂದಾಗ ಸ್ಪೇನಿನ ಆರೋಗ್ಯ ವಿಮೆಯ ಕಾರ್ಡನ್ನೇ ಇಲ್ಲಿಯ ಡಾಕ್ಟರಿಗೆ ತೋರಿಸಿ ಬಂದಳು.

ಯೂರೋಪಿನಲ್ಲಿ ಒಂದು ದೇಶದ ಹುಡುಗರು ಇನ್ನೊಂದು ದೇಶಕ್ಕೆ ಹೋಗಿ ಓದಿ ಬರುವ ಈ ಯೋಜನೆಗೆ ಎರಾಸ್ಮಸ್ ಅನ್ನುತ್ತಾರೆ. 1987ರಲ್ಲಿ ಶುರುವಾಯಿತು. ಮೊದಲ ವರ್ಷ 11 ದೇಶ, 3,244 ಹುಡುಗರು. ಈಗ ಲಕ್ಷಗಟ್ಟಲೆ ಜನ ಓಡಾಡುತ್ತಾರೆ. ಹೀಗೆ ಓಡಾಡಿ, ಪ್ರೀತಿಸಿ, ಮದುವೆಯಾಗಿ ಹುಟ್ಟಿದ ಮಕ್ಕಳೇ ಹತ್ತು ಲಕ್ಷ ಇರಬಹುದು ಅಂತ 2014ರಲ್ಲಿ ಯೂರೋಪಿಯನ್ ಕಮಿಷನ್ನೇ ಅಂದಾಜು ಹಾಕಿತು. ನಮ್ಮಲ್ಲಿ ಯಾವ ಸರ್ಕಾರ ಇಂಥ ಲೆಕ್ಕ ಹಾಕೀತು ಹೇಳಿ.

ನನಗೆ ಜಾಸ್ತಿ ಹಿಡಿಸಿದ್ದು ಇದರ ಹಿಂದಿನ ಕಥೆ. ಸೋಫಿಯಾ ಕೊರ್ರಾದಿ ಅಂತ ಇಟಲಿಯ ಹೆಣ್ಣುಮಗಳು. ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಮಾಸ್ಟರ್ಸ್ ಮಾಡಿಕೊಂಡು 1958ರಲ್ಲಿ ವಾಪಸ್ ಬಂದಳು. ಅಲ್ಲಿ ಓದಿದ್ದನ್ನು ರೋಮ್‌ನಲ್ಲಿ ಲೆಕ್ಕಕ್ಕೇ ತಗೊಳ್ಳಲಿಲ್ಲ. ಅವಮಾನ ಮಾಡಿ ಕಳಿಸಿದರು. ಅವಳು ಸುಮ್ಮನಾಗಲಿಲ್ಲ. ಹೊರಗೆ ಓದಿದ್ದೂ ಓದೇ ಅಂತ ಸುಮಾರು ಎರಡು ದಶಕ ಪತ್ರ ಬರೆದು, ಅಧಿಕಾರಿಗಳ ಬೆನ್ನು ಹತ್ತಿದಳು. ಆಮೇಲೆ ಇಟಲಿಯವರು ಅವಳನ್ನು ಎರಾಸ್ಮಸ್‌ನ ಅಮ್ಮ ಅಂತಲೇ ಕರೆದರು. ಅಂದರೆ ಇಷ್ಟೆಲ್ಲ ಹೊರಟಿದ್ದು ನಮ್ಮ ಹುಡುಗ ನಿಂತಿದ್ದಂಥದೇ ಒಂದು ಕಿಟಕಿಯ ಮುಂದೆ. ಅಲ್ಲಿ ಒಬ್ಬಳಿಗೆ ಸಿಟ್ಟು ಬಂತು. ನಮ್ಮಲ್ಲಿ ಸಿಟ್ಟು ಬಂದವರು ಏಜೆಂಟರನ್ನು ಹುಡುಕುತ್ತಾರೆ.

ಯೂರೋಪಿಯನ್ ಒಕ್ಕೂಟದಲ್ಲಿ 27 ದೇಶ, 24 ಅಧಿಕೃತ ಭಾಷೆ. ಒಬ್ಬರ ಮೇಲೊಬ್ಬರು ಎರಡು ಮಹಾಯುದ್ಧ ಮಾಡಿದವರು ಈಗ ಒಬ್ಬರ ಮಾರ್ಕ್ಸ್ ಕಾರ್ಡನ್ನು ಇನ್ನೊಬ್ಬರು ನಂಬುತ್ತಾರೆ. ನಾವು ಒಂದೇ ರಾಜ್ಯದವರು. ಒಂದೇ ಮುಖ್ಯಮಂತ್ರಿ, ಒಂದೇ ಯುಜಿಸಿ. ಆದರೂ ಈ ವಿಶ್ವವಿದ್ಯಾಲಯದ ಹುಡುಗ ಅಲ್ಲಿಗೆ ಹೋಗಬೇಕೆಂದರೆ ತವರು ಬಿಟ್ಟ ಮಗಳ ಹಾಗೆ ಕಾಗದ ಕೊಟ್ಟು ಕಳಿಸಬೇಕು. ಮೈಗ್ರೇಷನ್ ಅಂತೆ! ನಾನು ಜರ್ಮನಿಗೆ ಬಂದದ್ದು ಮೈಗ್ರೇಷನ್. ಅವನು ಹೋಗೋದು ರಾತ್ರಿ ಬಸ್ಸಿನಲ್ಲಿ. 2021ರಿಂದ ನಮ್ಮಲ್ಲೂ ಒಂದು ಕಡೆ ಓದಿದ ಕ್ರೆಡಿಟ್ಟನ್ನು ಇನ್ನೊಂದು ಕಡೆ ಒಯ್ಯೋಕೆ ಕ್ರೆಡಿಟ್ ಬ್ಯಾಂಕ್ ಅಂತ ಮಾಡಿದ್ದಾರೆ, ಗೊತ್ತು. ಅದು ಆ ಕಿಟಕಿಯ ತನಕ ಇನ್ನೂ ಬಂದಂತಿಲ್ಲ.

ಒಂದು ಸಂಜೆ ಆ ಹುಡುಗಿ ಬಾಣಲೆ ಒಲೆ ಮೇಲಿಟ್ಟು ನಮ್ಮನ್ನೂ ಊಟಕ್ಕೆ ಕರೆದಳು. ಪೋಲೆಂಡಿನವನೊಬ್ಬ, ಇಟಲಿಯ ಇಬ್ಬರು, ನಾನು, ನನ್ನ ಹೆಂಡತಿ. ನೀನು ಯಾರು ಅಂತ ಕೇಳಿದರೆ ಏನು ಹೇಳ್ತೀಯ ಅಂದೆ. ಮನೇಲಿ ವಲೆನ್ಸಿಯನ್ ಮಾತಾಡ್ತೀವಿ, ಅದಕ್ಕೇ ಮೊದಲು ವಲೆನ್ಸಿಯಾದವಳು, ಆಮೇಲೆ ಸ್ಪೇನ್, ಆಮೇಲೆ ಯೂರೋಪು ಅಂದಳು. ಬಾಣಲೆಯ ತಳ ಹಿಡಿದ ಅನ್ನವನ್ನು ಕೆರೆದು ಬಡಿಸುತ್ತಾ ಹೇಳಿದಳು. ಆ ತಳದ ಅನ್ನವೇ ಅವರಿಗೆ ವಿಶೇಷವಂತೆ. ನಮ್ಮಮ್ಮ ಅದನ್ನು ಯಾರಿಗೂ ಕಾಣದ ಹಾಗೆ ತಾನೇ ತಿಂದುಬಿಡುತ್ತಿದ್ದಳು.

ಆದರೆ ಯೂರೋಪಿನ ಪೌರತ್ವ ಅನ್ನೋದಕ್ಕೆ ಬೇರೆ ಅರ್ಜಿ ಇಲ್ಲ. ಯೂರೋಪಿಯನ್ ಒಕ್ಕೂಟವನ್ನು ಕಟ್ಟಿದ ಮಾಸ್ಟ್ರಿಕ್ಟ್ ಒಪ್ಪಂದ ಜಾರಿಗೆ ಬಂದ 1993ರಿಂದ ಅದು ಇದೆ. ಮಾಸ್ಟ್ರಿಕ್ಟ್ ನಮ್ಮ ಮನೆಯಿಂದ ದೂರವೇನಲ್ಲ. ಸದಸ್ಯ ದೇಶವೊಂದರ ಪ್ರಜೆಯಾದರೆ ಅದು ತಾನಾಗಿ ಬರುತ್ತದೆ, ಆಗದಿದ್ದರೆ ಇಲ್ಲ. ನಾನು ಇಲ್ಲಿಗೆ ಬಂದು 11 ವರ್ಷ. 2024ರಿಂದ ಜರ್ಮನಿ ಎರಡು ಪೌರತ್ವಕ್ಕೆ ಒಪ್ಪಿದೆ, ನಮ್ಮ ದೇಶ ಒಪ್ಪುವುದಿಲ್ಲ. ಜರ್ಮನಿಯ ಪೌರತ್ವದ ಫಾರಂ ಡ್ರಾಯರಿನಲ್ಲಿದೆ. ಹೆಂಡತಿ ತಿಂಗಳಿಗೊಮ್ಮೆ ನೆನಪಿಸುತ್ತಾಳೆ. ನಾನು ಡ್ರಾಯರ್ ತೆಗೆದು, ಪೆನ್ನು ಹುಡುಕಿ, ಮತ್ತೆ ಮುಚ್ಚುತ್ತೇನೆ.

ಜನವರಿಯಲ್ಲಿ ವಾಲ್ಸ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಆ ಹುಡುಗಿಯೂ ಇದ್ದಳು. ಗಡಿ ದಾಟಿದ ಮೇಲೆ ಇಬ್ಬರು ಪೊಲೀಸರು ಹತ್ತಿದರು. 2024ರ ಸೆಪ್ಟೆಂಬರಿನಿಂದ ಜರ್ಮನಿ ಎಲ್ಲ ಗಡಿಗಳಲ್ಲೂ ತಪಾಸಣೆ ಶುರು ಮಾಡಿತ್ತಲ್ಲ, ಅದು. ಅವಳ ಕಾರ್ಡನ್ನು ಕೈಗೂ ತಗೊಳ್ಳಲಿಲ್ಲ. ನನ್ನದನ್ನು ಹಿಂದೆ ಮುಂದೆ ತಿರುಗಿಸಿ, ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡಿದರು. ಬಸ್ಸು ಹೊರಟ ಮೇಲೆ ಆ ಹುಡುಗಿ "ಸಾರಿ" ಅಂದಳು. ಅವಳೇಕೆ ಸಾರಿ ಹೇಳಬೇಕು?

ಇನ್ನೂ ಒಂದನ್ನು ಒಪ್ಪಿಕೊಂಡುಬಿಡುತ್ತೇನೆ. ಅವಳು ಇಲ್ಲೇ ಉಳಿದು, ಕೆಲಸ ಮಾಡಿ, ತೆರಿಗೆ ಕಟ್ಟಿದರೂ ನಗರಸಭೆಗೆ ಮತ್ತು ಯೂರೋಪಿಯನ್ ಸಂಸತ್ತಿಗೆ ಮಾತ್ರ ವೋಟು ಹಾಕಬಹುದು. ಜರ್ಮನಿಯ ಸಂಸತ್ತಿಗೆ ಹಾಕುವ ಹಾಗಿಲ್ಲ. ನಮ್ಮಲ್ಲಿ ಬಿಹಾರದವನು ಬೆಂಗಳೂರಿಗೆ ಬಂದು ಪಟ್ಟಿಗೆ ಹೆಸರು ಸೇರಿಸಿಕೊಂಡರೆ ಶಾಸಕರನ್ನೂ ಆರಿಸುತ್ತಾನೆ, ಸಂಸದರನ್ನೂ ಆರಿಸುತ್ತಾನೆ. ಇಂದಿರಾ ಗಾಂಧಿ 1978ರಲ್ಲಿ ಚಿಕ್ಕಮಗಳೂರಿಗೆ ಬಂದು ನಿಂತು ಗೆದ್ದರು. ಜರ್ಮನಿಯ ನಾಯಕರೊಬ್ಬರು ಸ್ಪೇನಿನ ಸಂಸತ್ತಿಗೆ ಹೀಗೆ ಹೋಗಿ ನಿಲ್ಲೋದು ಸಾಧ್ಯವೇ ಇಲ್ಲ. ಯೂರೋಪು ಇನ್ನೂ ಇಲ್ಲಿಗೆ ಬಂದು ಮುಟ್ಟಿಲ್ಲ. ನಾವು 1950ರಲ್ಲೇ ಮುಟ್ಟಿದ್ದೆವು.

ಅಕ್ಕನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ.

"ಅದೆಲ್ಲಾ ಖರೆ ತಮ್ಮಾ," ಅಂದಳು. "ಸರ್ಟಿಫಿಕೇಟ್ ಬಂದೈತಿ ನೋಡು. ಅಪ್ಪನ ಹೆಸರು ತಪ್ಪು ಬರ್ದಾರ. ಸೋಮವಾರ ಮತ್ತ ಹೋಗಬೇಕಂತ."