ಮೇಷ್ಟ್ರಿಗೆ ವರ್ಗವಾದ ಮೇಲೆ

ಫೆಬ್ರುವರಿಯಲ್ಲಿ ಮಗನ ರಿಪೋರ್ಟ್ ಕಾರ್ಡ್ ಬಂತು. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ 44. ಕೆನಡಾದ ಒಂಟಾರಿಯೊ ಪ್ರಾಂತ್ಯದ ಹೈಸ್ಕೂಲಿನಲ್ಲಿ ಒಂದು ವಿಷಯ ಪಾಸಾಗಲು 50 ಬೇಕು. ನಾವು ಮಿಸ್ಸಿಸಾಗಾಕ್ಕೆ ಬಂದು ಆಗಿನ್ನೂ ಆರು ತಿಂಗಳು. ಆ ಹಾಳೆ ಹಿಡಿದು ಕೂತವನಿಗೆ ಕಣ್ಣಮುಂದೆ ಬಂದದ್ದು ಹಾಸನ ಜಿಲ್ಲೆಯ ನಮ್ಮ ಸರ್ಕಾರಿ ಪ್ರೌಢಶಾಲೆಯ ನೋಟಿಸ್ ಬೋರ್ಡು. 1994ರ ಎಸ್ಸೆಸ್ಸೆಲ್ಸಿ ಫಲಿತಾಂಶ. ಅದರ ಮುಂದೆ ಸೈಕಲ್ಲಿನ ಹ್ಯಾಂಡಲ್ ಬಿಗಿಯಾಗಿ ಹಿಡಿದು ನಿಂತಿದ್ದ ಗೆಳೆಯ. ಗಣಿತದಲ್ಲಿ ಅವನಿಗೆ 29. ಬೇಕಿದ್ದದ್ದು 35.

ಮರುದಿನ ಮಧ್ಯಾಹ್ನ ಮಗನ ಶಾಲೆಯಿಂದ ಫೋನು. ಮಾತಾಡಿದವರು ವಿಜ್ಞಾನದ ಟೀಚರ್ ಅಲ್ಲ. ಪಾಠದಲ್ಲಿ ಹಿಂದೆ ಬೀಳುತ್ತಿರುವ ಮಕ್ಕಳ ಜೊತೆ ಕೆಲಸ ಮಾಡಲೆಂದೇ ಶಾಲೆಯಲ್ಲಿರುವ ಒಬ್ಬ ಶಿಕ್ಷಕಿ. ಮಗ ಮನೆಯಲ್ಲಿ ಹೇಗಿದ್ದಾನೆ, ನಿದ್ದೆ ಸರಿಯಾಗಿ ಮಾಡುತ್ತಾನಾ, ಸ್ನೇಹಿತರು ಸಿಕ್ಕಿದ್ದಾರಾ ಎಂದು ಕೇಳಿದರು. ಆಮೇಲೆ ಅಂಕದ ವಿಷಯಕ್ಕೆ ಬಂದರು. ವಿದ್ಯುತ್ತು, ರಸಾಯನಶಾಸ್ತ್ರ ಎರಡೂ ಅವನಿಗೆ ಬಂದಿವೆ. ಜೀವಪರಿಸರ ಮತ್ತು ಬಾಹ್ಯಾಕಾಶದ ಭಾಗದಲ್ಲಿ ತಾನೇ ಪ್ರಶ್ನೆ ಕಟ್ಟಿಕೊಂಡು, ಮಾಹಿತಿ ಹುಡುಕಿ, ನಾಲ್ಕು ಪುಟ ಬರೆಯಬೇಕಿತ್ತು. ಅಲ್ಲಿ ಸೋತಿದ್ದಾನೆ. ಪುಸ್ತಕದಲ್ಲಿರುವ ಉತ್ತರವನ್ನು ಅಚ್ಚುಕಟ್ಟಾಗಿ ಬರೆಯುವುದು ಗೊತ್ತು, ಪುಸ್ತಕದಲ್ಲಿಲ್ಲದ್ದನ್ನು ಬರೆಯುವುದು ಇನ್ನೂ ಗೊತ್ತಿಲ್ಲ ಎಂದರು. ನಾನು ಓದಿದ ರೀತಿಯನ್ನೂ ಅವರು ಹತ್ತಿರದಿಂದ ನೋಡಿದ್ದಾರೆ ಅನಿಸಿತು.

ಅವನು ಇಡೀ ವಿಷಯವನ್ನು ಮತ್ತೆ ಕಲಿಯಬೇಕಾಗಲಿಲ್ಲ. ಬಾರದ ಆ ಎರಡು ಭಾಗಗಳನ್ನಷ್ಟೇ ಮುಂದಿನ ಸೆಮಿಸ್ಟರಿನಲ್ಲಿ ಒಬ್ಬ ಶಿಕ್ಷಕರ ಎದುರು ಕೂತು ಮುಗಿಸಿದ. ಇದಕ್ಕೆ ಇಲ್ಲಿ ಕ್ರೆಡಿಟ್ ರಿಕವರಿ ಎನ್ನುತ್ತಾರೆ, ಕಳೆದ ಕ್ರೆಡಿಟ್ಟನ್ನು, ಅಂದರೆ ಒಂದು ವಿಷಯ ಪಾಸಾದದ್ದಕ್ಕೆ ಸಿಗುವ ಲೆಕ್ಕವನ್ನು, ಮರಳಿ ಪಡೆಯುವುದು. ಜೂನ್ ಹೊತ್ತಿಗೆ ಪಾಸಾದ. ಅವನು ಒಂಬತ್ತನೇ ತರಗತಿಯಲ್ಲಿ ಫೇಲಾದ ಹುಡುಗ ಎಂದು ಯಾರೂ ಎಲ್ಲೂ ಹೇಳಲಿಲ್ಲ, ಏಕೆಂದರೆ ಇಲ್ಲಿ ಇಡೀ ತರಗತಿಯನ್ನು ಫೇಲಾಗುವುದು ಎಂಬ ಮಾತೇ ಇಲ್ಲ. ಹೈಸ್ಕೂಲು ಮುಗಿಸಿದವರಿಗೆ ಕೊಡುವ ಡಿಪ್ಲೊಮಾಕ್ಕೆ 30 ಕ್ರೆಡಿಟ್ ಬೇಕು, ಒಂದೊಂದಕ್ಕೂ 110 ಗಂಟೆಯ ಪಾಠ. ಬಂದದ್ದು ಲೆಕ್ಕಕ್ಕೆ ಸೇರುತ್ತದೆ, ಬಾರದ್ದು ಬಾಕಿ ಉಳಿಯುತ್ತದೆ.

ನಮ್ಮಲ್ಲೂ ನಪಾಸಾದ ವಿಷಯವನ್ನಷ್ಟೇ ಮತ್ತೆ ಬರೆದರೆ ಸಾಕಿತ್ತು, ಇಡೀ ಎಸ್ಸೆಸ್ಸೆಲ್ಸಿ ಬರೆಯಬೇಕಿರಲಿಲ್ಲ. ನನ್ನ ಗೆಳೆಯನೂ ಎರಡು ಸಲ ಗಣಿತ ಕಟ್ಟಿದ. ಆದರೆ ಅವನಿಗೆ ಸಿಕ್ಕದ್ದು ಇನ್ನೊಂದು ಪ್ರಶ್ನೆಪತ್ರಿಕೆ ಮಾತ್ರ, ಪಾಠ ಸಿಗಲಿಲ್ಲ. ಫಲಿತಾಂಶ ಬಂದ ದಿನಕ್ಕೆ ಶಾಲೆಗೂ ಅವನಿಗೂ ಇದ್ದ ನಂಟು ಮುಗಿಯಿತು. ಮಾರ್ಚಿನಲ್ಲಿ ಬಾರದ ಲೆಕ್ಕ ಗದ್ದೆ ಕೆಲಸದ ನಡುವೆ ತಾನಾಗಿ ಹೇಗೆ ಬಂದೀತು?

ಅವನಿಗೆ ಲೆಕ್ಕ ಬರುತ್ತಿತ್ತು ಕೂಡ. ಒಂಬತ್ತನೇ ತರಗತಿಯಲ್ಲಿ ನಮಗೊಬ್ಬರು ಗಣಿತದ ಮೇಷ್ಟ್ರಿದ್ದರು. ಹಿಂದುಳಿದವರನ್ನೆಲ್ಲ ಬೆಳಿಗ್ಗೆ ಏಳಕ್ಕೇ ಶಾಲೆಗೆ ಕರೆಸಿ, ಒಂದು ಕಾಸೂ ಮುಟ್ಟದೆ ಹೇಳಿಕೊಡುತ್ತಿದ್ದರು. ಹತ್ತು ಹನ್ನೆರಡು ಹುಡುಗರು, ಮೂರು ಹುಡುಗಿಯರು. ನನ್ನ ಗೆಳೆಯನೂ ಅದರಲ್ಲಿದ್ದ. ವರ್ಷದ ಕೊನೆಗೆ ಅವನು 52 ತೆಗೆದ. ಮುಂದಿನ ಜುಲೈನಲ್ಲಿ ಮೇಷ್ಟ್ರಿಗೆ ವರ್ಗವಾಯಿತು. ಏಳು ಗಂಟೆಯ ಪಾಠ ಅವರ ಜೊತೆಗೇ ಹೋಯಿತು. ಆಮೇಲೆ ಬಂದವರು ಕೆಟ್ಟವರಲ್ಲ, ಆರು ಮೈಲಿ ದೂರದಿಂದ ಬಸ್ಸಿನಲ್ಲಿ ಬಂದು ಹೋಗುವವರು, ಬೆಳಿಗ್ಗೆ ಏಳಕ್ಕೆ ಬರುವುದು ಅವರಿಂದ ಆಗುತ್ತಿರಲಿಲ್ಲ. ಬರಬೇಕೆಂದು ಹೇಳುವ ನಿಯಮವೂ ಇರಲಿಲ್ಲ.

ಇಲ್ಲಿಗೂ ಅಲ್ಲಿಗೂ ನಾನು ಕಂಡ ದೊಡ್ಡ ವ್ಯತ್ಯಾಸ ಇದೇ. ಕಟ್ಟಡದ ಮಾತು, ಕಂಪ್ಯೂಟರಿನ ಮಾತು ಆಮೇಲಿನದು. ನಮ್ಮಲ್ಲಿ ಸೋಲುತ್ತಿರುವ ಮಗುವಿಗೆ ಆಸರೆಯಾಗುವುದು ಒಬ್ಬ ಮೇಷ್ಟ್ರ ಒಳ್ಳೆಯತನ. ಇಲ್ಲಿ ಅದು ಒಂದು ಹುದ್ದೆ. ನನಗೆ ಫೋನು ಮಾಡಿದ ಶಿಕ್ಷಕಿ ನಾಳೆ ಬೇರೆ ಊರಿಗೆ ಹೋದರೂ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂತು ಅದೇ ಪಟ್ಟಿ ತೆಗೆದು ಫೋನು ಮಾಡುತ್ತಾರೆ. ಅಂತಃಕರಣದಲ್ಲಿ ನಮ್ಮ ಮೇಷ್ಟ್ರಿಗೆ ಸಮ ಆದವರನ್ನು ನಾನು ಇಲ್ಲಿ ಕಂಡಿಲ್ಲ. ಆದರೆ ಮಗುವಿನ ಬದುಕು ಒಂದು ವರ್ಗಾವಣೆ ಆದೇಶದ ಮೇಲೆ ನಿಲ್ಲಬಾರದು.

ಕಲಿಕೆಯ ತೊಂದರೆ ಇರುವ ಮಕ್ಕಳ ವಿಷಯದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ವಿಶೇಷ ಶಿಕ್ಷಣ ಕೊಡುವುದು ಸ್ಥಳೀಯ ಶಾಲಾ ಮಂಡಳಿಗಳ ಹೊಣೆ ಎಂದು ಒಂಟಾರಿಯೊ 1980ರಲ್ಲೇ ಕಾನೂನು ಮಾಡಿತು. ಸಮಿತಿಯೊಂದು ಮಗುವನ್ನು ಗುರುತಿಸಿ ಸೂಕ್ತ ವ್ಯವಸ್ಥೆಗೆ ಸೇರಿಸಿದ ಮೇಲೆ 30 ಶಾಲಾ ದಿನಗಳೊಳಗೆ ಆ ಮಗುವಿಗೇ ಬೇರೆಯಾದ ಕಲಿಕಾ ಯೋಜನೆ ಬರೆದು ಮುಗಿಸಬೇಕು. ಸಮಿತಿಯ ಸಭೆಗೆ ತಂದೆತಾಯಿಯನ್ನು ಕರೆಯಲೇಬೇಕು, 16 ತುಂಬಿದ್ದರೆ ಮಗುವಿಗೂ ಅಲ್ಲಿ ಕೂರುವ ಹಕ್ಕಿದೆ. ಪರಿಚಯದ ಮನೆಯೊಂದರ ಹುಡುಗಿಗೆ ಅಕ್ಷರಗಳು ಹಿಂದೆಮುಂದೆ ಆಗಿ ಕಾಣುವ ತೊಂದರೆ. ತನ್ನ ಯೋಜನೆಯ ಹಾಳೆಯಲ್ಲಿ 'ಗಟ್ಟಿಯಾಗಿ ಓದಲು ಹೇಳಬೇಡಿ' ಎಂದು ಸೇರಿಸಲು ಅವಳೇ ಹೇಳಿದಳಂತೆ. ಸೇರಿಸಿದರು. ಕರ್ನಾಟಕದಲ್ಲೂ ಇಂಥ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರು, ಕೆಲವು ವಿನಾಯಿತಿ ಇವೆ. ಅವು ಬೇಕಾದವೇ. ಆದರೆ ಅವು ನೆನಪಾಗುವುದು ಪರೀಕ್ಷೆಯ ಅರ್ಜಿ ತುಂಬುವಾಗ. ಎಂಟನೇ ತರಗತಿಯಿಂದ ಹತ್ತರವರೆಗಿನ ಮೂರು ವರ್ಷ ಆ ಮಗು ತರಗತಿಯಲ್ಲಿ ಹೇಗೆ ಕೂತಿತ್ತು ಎಂಬುದನ್ನು ಯಾರೂ ಕೇಳುವುದಿಲ್ಲ.

ಮಗನ ರಿಪೋರ್ಟ್ ಕಾರ್ಡಿಗೆ ಮರಳುತ್ತೇನೆ. ಪ್ರತಿ ವಿಷಯದ ಎದುರು ಅಂಕದ ಪಕ್ಕ ಇನ್ನಷ್ಟು ಚಿಕ್ಕ ಚೌಕಗಳಿವೆ. ಹೊಣೆಗಾರಿಕೆ, ಅಚ್ಚುಕಟ್ಟುತನ, ತಾನಾಗಿ ಮಾಡುವ ಕೆಲಸ, ಸಹಕಾರ, ಮುಂದೆ ಬರುವ ಗುಣ, ತನ್ನನ್ನು ತಾನು ತಿದ್ದಿಕೊಳ್ಳುವುದು. ಒಂದೊಂದಕ್ಕೂ ಒಂದು ಅಕ್ಷರ. ಪ್ರಾಂತ್ಯದ 2010ರ ಮೌಲ್ಯಮಾಪನ ನೀತಿಯ ಪ್ರಕಾರ ಈ ಅಕ್ಷರಗಳನ್ನು ಅಂಕದೊಳಗೆ ಬೆರೆಸುವಂತಿಲ್ಲ. ವಿಜ್ಞಾನದಲ್ಲಿ 44 ತೆಗೆದ ನನ್ನ ಮಗನಿಗೆ ಸಹಕಾರದಲ್ಲಿ ಅತ್ಯುತ್ತಮ ಎಂದಿತ್ತು. ಬಾರದಿರುವುದು ಬೇರೆ, ಮಾಡದಿರುವುದು ಬೇರೆ. ನಮ್ಮ ಕಾಲದಲ್ಲಿ ಎರಡಕ್ಕೂ ಒಂದೇ ಹೆಸರಿತ್ತು, ದಡ್ಡ. ಚೆನ್ನಾಗಿ ಅಂಕ ತೆಗೆಯುವವನು ಪಕ್ಕದವನನ್ನು ತುಳಿದರೂ ಜಾಣನೇ ಆಗಿರುತ್ತಿದ್ದ.

ವಿಷಯಗಳನ್ನು ಆರಿಸಿಕೊಳ್ಳುವ ಬಗೆಯನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. 30 ಕ್ರೆಡಿಟ್ಟಿನಲ್ಲಿ ಹನ್ನೆರಡು ಹದಿಮೂರು ಮಕ್ಕಳ ಆಯ್ಕೆಗೆ ಬಿಟ್ಟವು. ಒಂದೇ ಕಟ್ಟಡದಲ್ಲಿ ಭೌತಶಾಸ್ತ್ರದ ಲ್ಯಾಬು, ನಾಟಕದ ಕೋಣೆ, ಮರಗೆಲಸದ ಶೆಡ್ಡು, ಕಾರು ಎತ್ತಿ ನಿಲ್ಲಿಸುವ ಗ್ಯಾರೇಜು. ಹತ್ತನೇ ತರಗತಿಯಲ್ಲಿ ಮಗ ಗ್ಯಾರೇಜ್ ಆರಿಸಿಕೊಂಡ. ನಾನು ಬೇಡ ಎಂದೆ, ಅದರಿಂದ ಏನು ಉಪಯೋಗ ಎಂದೆ. ಅವನು ಕೇಳಲಿಲ್ಲ. ಒಂದು ಸಂಜೆ ಕೈಗೆ ಗ್ರೀಸು ಮೆತ್ತಿಕೊಂಡು ಬಂದು, ಬ್ರೇಕ್ ಒತ್ತಿದಾಗ ದ್ರವದ ಒತ್ತಡ ನಾಲ್ಕು ಚಕ್ರಕ್ಕೂ ಹೇಗೆ ಹೋಗುತ್ತದೆ ಎಂದು ವಿವರಿಸಿದ. ಅದು ಪ್ಯಾಸ್ಕಲನ ನಿಯಮ. ನಾನದನ್ನು ಬಾಯಿಪಾಠ ಮಾಡಿ ಅಂಕ ತೆಗೆದಿದ್ದೆ, ಕೈಯಲ್ಲಿ ಮುಟ್ಟಿರಲಿಲ್ಲ.

ಆ ರಾತ್ರಿ ಮತ್ತೆ ಗೆಳೆಯನ ನೆನಪಾಯಿತು. ಹದಿನಾಲ್ಕರ ವಯಸ್ಸಿಗೇ ಊರಿನ ಪಂಪ್‌ಸೆಟ್ಟುಗಳ ಸ್ಟಾರ್ಟರ್ ಬಿಚ್ಚಿ ಸರಿಮಾಡುತ್ತಿದ್ದ ಹುಡುಗ ಅವನು. ಅವನ ಆ ವಿದ್ಯೆಗೆ ನಮ್ಮ ಶಾಲೆಯಲ್ಲಿ ಒಂದು ಅಂಕವೂ ಇರಲಿಲ್ಲ. ಐಟಿಐ ಎಂದರೆ ಕಾಲೇಜಿಗೆ ಹೋಗಲಾಗದವರ ಜಾಗ ಎಂದು ನಾವೆಲ್ಲ ನಂಬಿದ್ದೆವು, ಈಗಲೂ ಬಹಳ ಜನ ಹಾಗೇ ನಂಬಿದ್ದಾರೆ. ಕೈಕೆಲಸ ಮಾಡುವವರು ಬೇರೆ ಜನ, ತಲೆ ಓಡಿಸುವವರು ಬೇರೆ ಜನ ಎಂಬ ಹಳೆಯ ಎಣಿಕೆ ನಮ್ಮ ವೇಳಾಪಟ್ಟಿಯೊಳಗೇ ಕೂತಿದೆ. ಅದು ಎಲ್ಲಿಂದ ಬಂತೆಂದು ನಮಗೆಲ್ಲ ಗೊತ್ತು. ಇಲ್ಲಿ ಡಾಕ್ಟರ ಮಗಳೂ ಟ್ರಕ್ ಓಡಿಸುವವರ ಮಗನೂ ಒಂದೇ ಕಾರಿನ ಕೆಳಗೆ ಮಲಗಿ ನಟ್ಟು ಬಿಚ್ಚುವುದನ್ನು ನಾನು ಕಣ್ಣಾರೆ ಕಂಡೆ.

ಆದರೆ ಈ ಆಯ್ಕೆಯಲ್ಲಿ ಒಂದು ಅಪಾಯವೂ ಇದೆ. ಹೊಸದಾಗಿ ಬಂದ ನಮ್ಮಂಥವರ ಮನೆಗಳಲ್ಲೇ ಅದು ಹೆಚ್ಚು. ಹನ್ನೊಂದನೇ ತರಗತಿಯಿಂದ ಹೆಚ್ಚಿನ ವಿಷಯಗಳ ಕೋಡಿನ ಕೊನೆಗೆ ಒಂದು ಅಕ್ಷರ ಬರುತ್ತದೆ, ವಿಶ್ವವಿದ್ಯಾಲಯಕ್ಕೆ ಒಂದು, ಇಲ್ಲಿ ಹೆಚ್ಚಾಗಿ ವೃತ್ತಿ ಕಲಿಸುವ ಕಾಲೇಜಿಗೆ ಒಂದು, ನೇರ ಕೆಲಸಕ್ಕೆ ಒಂದು. ಎಂಜಿನಿಯರಿಂಗ್ ಬೇಕೆಂದರೆ ಹನ್ನೆರಡರಲ್ಲಿ ಕ್ಯಾಲ್ಕುಲಸ್, ಭೌತಶಾಸ್ತ್ರ, ರಸಾಯನಶಾಸ್ತ್ರ ಬೇಕು. ಹನ್ನೊಂದರಲ್ಲಿ ರಸಾಯನಶಾಸ್ತ್ರ ಬಿಟ್ಟವರಿಗೆ ಹನ್ನೆರಡರಲ್ಲಿ ಅದು ಸಿಗುವುದಿಲ್ಲ. ಹದಿನೈದರ ಮಗು ತುಂಬುವ ಒಂದು ಫಾರಂನಲ್ಲಿ ಇಷ್ಟೆಲ್ಲ ಅಡಗಿದೆ ಎಂದು ತಿಳಿಯದೆ ಸಹಿ ಹಾಕಿದ ತಂದೆತಾಯಿ ನನಗೆ ಗೊತ್ತು. ಮೊದಲು ಒಂಬತ್ತನೇ ತರಗತಿಯಲ್ಲೇ ಹೀಗೆ ಎರಡು ದಾರಿ ಮಾಡುತ್ತಿದ್ದರು. ಕೆಳಗಿನ ದಾರಿಯಲ್ಲಿ ಕಪ್ಪು ಜನಾಂಗದ, ಮೂಲನಿವಾಸಿ ಮತ್ತು ಬಡ ಮನೆಗಳ ಮಕ್ಕಳೇ ಹೆಚ್ಚಾಗಿ ತುಂಬಿರುತ್ತಿದ್ದರು. ಅದನ್ನು ಒಪ್ಪಿಕೊಂಡು 2021ರಲ್ಲಿ ಗಣಿತದಿಂದ ಶುರುಮಾಡಿ, ಮುಂದಿನ ವರ್ಷ ಉಳಿದ ವಿಷಯಗಳಲ್ಲೂ ಎಲ್ಲರಿಗೂ ಒಂದೇ ಪಾಠ ಮಾಡಿದರು. ನಮ್ಮ ಎಸ್ಸೆಸ್ಸೆಲ್ಸಿ ಈ ಒಂದು ವಿಷಯದಲ್ಲಿ ಮೊದಲಿನಿಂದಲೂ ನ್ಯಾಯವಾಗಿತ್ತು. ಗೌಡರ ಮಗನಿಗೂ ಕೂಲಿಯವರ ಮಗಳಿಗೂ ಅದೇ ಪುಸ್ತಕ, ಅದೇ 625 ಅಂಕ, ಹೆಸರು ನೋಡದ ಮೌಲ್ಯಮಾಪಕ. ಇಲ್ಲಿ ಕೊನೆಯ ವರ್ಷದ ಅಂಕವನ್ನು ಕೊಡುವುದು ಆಯಾ ಶಾಲೆಯ ಶಿಕ್ಷಕರೇ, ಡಿಪ್ಲೊಮಾಕ್ಕೆ ಪ್ರಾಂತ್ಯಕ್ಕೆಲ್ಲ ಒಂದೇ ಎನ್ನುವ ಅಂತಿಮ ಪರೀಕ್ಷೆ ಇಲ್ಲ. ಒಂದು ಶಾಲೆಯ 90 ಇನ್ನೊಂದು ಶಾಲೆಯ 90ಕ್ಕೆ ಸಮವೇ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಮಗ ಕಳೆದುಕೊಂಡದ್ದೂ ಇದೆ. ಇಲ್ಲಿ ಶಿಕ್ಷಕರು ತಮ್ಮ ಕೋಣೆಯಲ್ಲೇ ಇರುತ್ತಾರೆ, ಮಕ್ಕಳು ಒಂದೊಂದು ಪಾಠಕ್ಕೆ ಒಂದೊಂದು ಕೋಣೆಗೆ ಹೋಗುತ್ತಾರೆ. ಮಗನ ಶಾಲೆಯಲ್ಲಿ ದಿನಕ್ಕೆ ನಾಲ್ಕೇ ಪಾಠ, ಒಂದೊಂದೂ ಎಪ್ಪತ್ತೈದು ನಿಮಿಷ. ಆ ನಾಲ್ಕರಲ್ಲೂ ಬೇರೆ ಬೇರೆ ಮುಖಗಳು. 'ನಮ್ಮ ಕ್ಲಾಸು' ಎನ್ನುವುದೇ ಅವನಿಗೆ ಇರಲಿಲ್ಲ. ಮೊದಲ ಎರಡು ತಿಂಗಳು ಮಧ್ಯಾಹ್ನದ ಊಟವನ್ನು ಲೈಬ್ರರಿಯ ಹೊರಗಿನ ಮೆಟ್ಟಿಲ ಮೇಲೆ ಒಬ್ಬನೇ ಕೂತು ಮಾಡಿದೆ ಎಂದು ಅವನು ಹೇಳಿದ್ದು ಒಂದು ವರ್ಷ ಕಳೆದ ಮೇಲೆ. ನಾನೋ, ಎಂಟರಿಂದ ಹತ್ತರವರೆಗೆ ಅದೇ ಅರವತ್ತು ಜನರ ನಡುವೆ ಬೆಳೆದವನು. ಇಂದಿಗೂ ಅವರೇ ನನ್ನ ಜನ.

ಮಧ್ಯಾಹ್ನದ ಊಟದ ಮಾತಿಗೆ ಬಂದರೆ ನಾನು ಇಲ್ಲಿ ತಲೆಯೆತ್ತಿ ಹೇಳುತ್ತೇನೆ. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾದ ಬಿಸಿಯೂಟ ಹತ್ತನೇ ತರಗತಿಯವರೆಗೆ ಬಂದಿದೆ, 2013ರಿಂದ ಹಾಲೂ ಸೇರಿದೆ. ಇಷ್ಟು ಸಿರಿವಂತ ಕೆನಡಾದಲ್ಲಿ ರಾಷ್ಟ್ರಮಟ್ಟದ ಶಾಲಾ ಊಟದ ಯೋಜನೆಗೆ ಕೇಂದ್ರ ಸರ್ಕಾರ ಹಣ ಇಟ್ಟದ್ದು 2024ರಲ್ಲಿ. ಶಾಲೆಯ ಸಭೆಯೊಂದರಲ್ಲಿ ನಾನು ಇದನ್ನು ಹೇಳಿದಾಗ ಪಕ್ಕದಲ್ಲಿದ್ದ ತಾಯಿಯೊಬ್ಬರು ದಿನಕ್ಕೆ ಎಷ್ಟು ಮಕ್ಕಳಿಗೆ, ಬಿಸಿಯಾಗಿಯೇ ಕೊಡುತ್ತಾರಾ ಎಂದು ಎರಡೆರಡು ಸಲ ಕೇಳಿದರು. ಇಷ್ಟು ದೊಡ್ಡದನ್ನು ಕಟ್ಟಿ ನಡೆಸುತ್ತಿರುವ ರಾಜ್ಯಕ್ಕೆ ಪ್ರತಿ ಪ್ರೌಢಶಾಲೆಗೆ ಹಿಂದುಳಿದ ಮಕ್ಕಳಿಗೆಂದೇ ಒಬ್ಬರನ್ನು ನೇಮಿಸುವುದು ಆಗದ ಕೆಲಸವಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಬಂದದ್ದು ನನಗೆ ಸಂತೋಷವೇ. ಒಂದು ಪರೀಕ್ಷೆಗೂ ಮುಂದಿನದಕ್ಕೂ ನಡುವಿನ ವಾರಗಳಲ್ಲಿ ಮಗುವಿನ ಪಕ್ಕ ಕೂರುವವರ ಹೆಸರು ಯಾವ ಹಾಜರಿ ಪುಸ್ತಕದಲ್ಲಿದೆ?

ಹೋದ ವರ್ಷ ನಮ್ಮ 1994ರ ಬ್ಯಾಚಿನವರು ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸಲು ಹಣ ಕೂಡಿಸತೊಡಗಿದರು. ನಾನು ಮುಖ್ಯೋಪಾಧ್ಯಾಯರಿಗೆ ಫೋನು ಮಾಡಿ, ಗಣಿತದಲ್ಲಿ ಹಿಂದೆ ಬಿದ್ದವರಿಗೆ ಏನು ವ್ಯವಸ್ಥೆ ಇದೆ ಸಾರ್ ಎಂದು ಕೇಳಿದೆ. "ಗಣಿತಕ್ಕೆ ಇರೋದು ಒಬ್ರೇ ಸ್ವಾಮಿ. ಅವರನ್ನೂ ಸಮೀಕ್ಷೆ ಡ್ಯೂಟಿಗೆ ಹಾಕಿದಾರೆ," ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ, ದಣಿವಿತ್ತು. ಬ್ಯಾಚಿನವರ ಜೊತೆ ಎರಡು ವಾರ ಮಾತಾಡಿ, ಬೋರ್ಡ್ ಬಿಟ್ಟು, ಸಂಜೆ ನಾಲ್ಕೂವರೆಯಿಂದ ಆರರವರೆಗೆ ಪಾಠ ಹೇಳುವ ಒಬ್ಬರಿಗೆ ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಮೂಲಕ ಗೌರವಧನ ಕೊಡುವುದೆಂದು ತೀರ್ಮಾನಿಸಿದೆವು. ಇದೂ ಒಳ್ಳೆಯತನವೇ, ನಮ್ಮ ಕೈ ನಿಂತ ದಿನ ಇದೂ ನಿಲ್ಲುತ್ತದೆ ಎಂಬುದು ನನಗೆ ಗೊತ್ತು. ಅದಕ್ಕೇ ಶಿಕ್ಷಣ ಇಲಾಖೆಗೆ ಹುದ್ದೆ ಕೇಳಿ ಬರೆದ ಪತ್ರಕ್ಕೆ ನಾವೆಲ್ಲ ಸಹಿ ಹಾಕಿದ್ದೇವೆ, ಉತ್ತರ ಬರುವವರೆಗೂ ಬರೆಯುತ್ತೇವೆ.

ಒಂದು ತೊಡಕು ಉಳಿದಿತ್ತು. ಮೂರು ಹಳ್ಳಿಗಳಿಗೆ ಐದರ ಮೇಲೆ ಬಸ್ಸಿಲ್ಲ, ಹುಡುಗಿಯರನ್ನು ನಿಲ್ಲಿಸಿಕೊಳ್ಳುವುದು ಹೇಗೆ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಗೆಳೆಯ ಈಗ ತಾಲ್ಲೂಕು ಕೇಂದ್ರದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ನಡೆಸುತ್ತಾನೆ, ನಾಲ್ಕು ಜನರಿಗೆ ಕೆಲಸ ಕೊಟ್ಟಿದ್ದಾನೆ. ಇಷ್ಟಾದರೂ 'ನಂಗೆ ವಿದ್ಯೆ ಹತ್ತಲಿಲ್ಲ ಕಣೋ' ಎನ್ನುವುದನ್ನು ಬಿಟ್ಟಿಲ್ಲ. ನಾನು ಅವನಿಗೆ ಫೋನು ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಡಿ ಓಮ್ನಿ ಐತಲ್ಲ, ಆರು ಗಂಟೆಗೆ ಗೇಟ್ ಹತ್ರ ನಿಂತಿರ್ತೀನಿ ಅಂತ ಹೆಡ್ಮೇಷ್ಟ್ರಿಗೆ ಹೇಳು," ಎಂದ.