ಕಂಬದ ಮೇಲಿನ ಶಾನುಭೋಗರು

ಅಮೆರಿಕದ ಫಿಲಡೆಲ್ಫಿಯಾದ ಹೊರಗೆ, ಬ್ರಿನ್ ಮಾರ್ ಎಂಬ ಊರಿನ ರಸ್ತೆಬದಿಯಲ್ಲಿ ಒಂದು ನೀಲಿ ಬೋರ್ಡು ಕಂಬದ ಮೇಲೆ ನಿಂತಿದೆ. ಅಕ್ಷರಗಳಿಗೆ ಚಿನ್ನದ ಬಣ್ಣ. ನಾನು ಅದನ್ನು ಕಂತಿನಲ್ಲಿ ಓದಿದವನು. ಮೊದಲ ವಾರ ತಲೆಬರಹ ಮಾತ್ರ: ಹ್ಯಾರಿಟನ್. ಮುಂದಿನ ವಾರ 1704. ಆಮೇಲೊಂದು ವಾರ ಕಸದ ಲಾರಿ ಅಡ್ಡ ಬಂದು ಧಾರಾವಾಹಿ ತಪ್ಪಿಹೋಯಿತು. "ರೀ, ರಸ್ತೆ ನೋಡಿ" ಎಂದು ಪಕ್ಕದ ಸೀಟಿನಿಂದ ಅಪ್ಪಣೆ ಬೇರೆ.

ಕಾರಿನಲ್ಲಿ ಹೋಗುವವರಿಗೂ ಕಾಣಲಿ ಎಂದೇ ಪೆನ್ಸಿಲ್ವೇನಿಯಾ ರಾಜ್ಯ 1946ರಿಂದ ಊರಿನ ಚರಿತ್ರೆ ಹೇಳುವ ಇಂಥ ಅಲ್ಯೂಮಿನಿಯಂ ಬೋರ್ಡುಗಳನ್ನು ನೆಡುತ್ತಾ ಬಂದಿದೆ. ಎರಡು ಸಾವಿರಕ್ಕೂ ಜಾಸ್ತಿ ಇವೆ. 1946ರ ಕಾರುಗಳು ನಿಧಾನಕ್ಕೆ ಹೋಗುತ್ತಿದ್ದವೋ ಏನೋ.

ಹ್ಯಾರಿಟನ್ ಒಂದು ಹಳೆಯ ಕಲ್ಲಿನ ಮನೆ. ವೇಲ್ಸ್‌ನಿಂದ ಬಂದ ರೋಲಂಡ್ ಎಲಿಸ್ ಕಟ್ಟಿಸಿದ್ದು. ಅವರಿಟ್ಟ ಹೆಸರು ಬ್ರಿನ್ ಮಾರ್. ಅವರ ಭಾಷೆಯಲ್ಲಿ ದೊಡ್ಡ ಬೆಟ್ಟ ಎಂದರ್ಥ. ಆ ಹೆಸರು ಕೊನೆಗೆ ಊರಿನ ಪಾಲಾಯಿತು. ನಮ್ಮ ಕಡೆಯವರು ಕಟ್ಟಿಸಿದ್ದರೆ ಇದೂ ಒಂದು ದೊಡ್ಡಬೆಟ್ಟ ಆಗಿರುತ್ತಿತ್ತು, ಅಲ್ವಾ? ಬೆಟ್ಟ ಎಲ್ಲಿದೆ ಎಂದು ನಾನಿನ್ನೂ ಹುಡುಕುತ್ತಿದ್ದೇನೆ.

ಕಡೆಯ ಕಂತಿನಲ್ಲಿ ಸಿಕ್ಕವರು ಈ ಮನೆಯಲ್ಲಿ ಬಾಳಿದ ಚಾರ್ಲ್ಸ್ ಥಾಮ್ಸನ್. ಬ್ರಿಟಿಷರ ವಿರುದ್ಧ ಎದ್ದ ಅಮೆರಿಕದ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ಸಿಗೆ 1774ರಿಂದ 1789ರವರೆಗೆ ಕಾರ್ಯದರ್ಶಿ. ನಮ್ಮ ಮಾತಿನಲ್ಲಿ ಶಾನುಭೋಗರು. ಅಧ್ಯಕ್ಷರು ಬಂದರು, ಹೋದರು. ಲೆಕ್ಕದ ಪುಸ್ತಕ ಹಿಡಿದವರು ಮಾತ್ರ ಕದಲಲಿಲ್ಲ. 1776ರ ಜುಲೈ 4ರ ರಾತ್ರಿ ಸ್ವಾತಂತ್ರ್ಯ ಘೋಷಣೆ ಮೊದಲ ಸಲ ಅಚ್ಚಾದಾಗ ಅದರ ಕೆಳಗೆ ಕಾಂಗ್ರೆಸ್ಸಿನ ಕಡೆಯಿಂದ ಇದ್ದದ್ದು ಎರಡೇ ಹೆಸರು: ಅಧ್ಯಕ್ಷ ಜಾನ್ ಹ್ಯಾನ್‌ಕಾಕ್, ಕಾರ್ಯದರ್ಶಿ ಥಾಮ್ಸನ್. ಆಮೇಲೆ ಚರ್ಮದ ಹಾಳೆಯ ಮೇಲೆ 56 ಮಂದಿ ಸಹಿ ಹಾಕಿದರು. ಅದರಲ್ಲಿ ಇವರಿಲ್ಲ. ಪ್ರತಿನಿಧಿಗಳ ಸಾಲಿನಲ್ಲಿ ಶಾನುಭೋಗರಿಗೇನು ಕೆಲಸ!

ದೇಶದ ಮುದ್ರೆಗೆ ಒಂದು ಚಿತ್ರ ಬೇಕಿತ್ತು. ಆರು ವರ್ಷದಲ್ಲಿ ಮೂರು ಸಮಿತಿ ಕೂತೆದ್ದವು. ಒಂದೂ ಒಪ್ಪಿಗೆಯಾಗಲಿಲ್ಲ. 1782ರ ಜೂನ್ 13ರಂದು ಕಡತವನ್ನೆಲ್ಲ ತಂದು ಇವರ ಮೇಜಿನ ಮೇಲೆ ಹಾಕಿದರು. ಜೂನ್ 20ಕ್ಕೆ ಮುದ್ರೆ ಮಂಜೂರು. ಅಲ್ಲಿಂದಿಷ್ಟು ಇಲ್ಲಿಂದಿಷ್ಟು ಆರಿಸಿ, ಹದ್ದನ್ನು ಎದುರಿಗೆ ಕೂರಿಸಿದ್ದು ಇವರೇ. ಒಂದು ಡಾಲರ್ ನೋಟಿನ ಹಿಂಬದಿಯಲ್ಲಿ ಆ ಹದ್ದು ಇವತ್ತಿಗೂ ಇದೆ, ಒಂದು ಕಾಲಲ್ಲಿ ಆಲಿವ್ ಕೊಂಬೆ, ಇನ್ನೊಂದರಲ್ಲಿ ಬಾಣಗಳ ಕಟ್ಟು.

ನನಗೆ ಇಷ್ಟವಾದದ್ದು ಬೇರೆ ಸಂಗತಿ. ನಿವೃತ್ತರಾದ ಮೇಲೆ ಥಾಮ್ಸನ್ ಕ್ರಾಂತಿಯ ಚರಿತ್ರೆ ಬರೆದರು. ಸಾವಿರ ಪುಟ ದಾಟಿತ್ತಂತೆ. ಯಾರು ಯಾರ ಮೇಲೆ ಕೂಗಾಡಿದರು, ಯಾರು ಮಾತು ತಿರುಗಿಸಿದರು, ಎಲ್ಲ ಕಣ್ಣಾರೆ ಕಂಡವರು. ಆಮೇಲೆ ಅದಷ್ಟನ್ನೂ ತಾವೇ ನಾಶ ಮಾಡಿಬಿಟ್ಟರು. ಜನ ನಂಬಿಕೊಂಡ ಕಥೆಗಳನ್ನು ತಾನೇಕೆ ಸುಳ್ಳು ಮಾಡಲಿ ಎಂಬ ಯೋಚನೆ. ಮದುವೆಮನೆಯ ಜಗಳವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು "ಊಟ ಚೆನ್ನಾಗಿತ್ತು" ಎನ್ನುವ ಹಿರಿಯರು ನೆನಪಾದರು.

ಹೋದ ಭಾನುವಾರ ಕಾರು ನಿಲ್ಲಿಸಿ ಇಳಿದೇಬಿಟ್ಟೆ. ಮುಂದಿನಿಂದ ಎರಡು ಸಲ ಓದಿದೆ. ಇಷ್ಟು ದೊಡ್ಡ ಬದುಕಿಗೆ ಇಷ್ಟೇನಾ ಅನ್ನಿಸಿ, ಬೆನ್ನಿಗೆ ಮತ್ತೇನಾದರೂ ಬರೆದಿರಬಹುದು ಎಂದು ಕಂಬ ಸುತ್ತಿ ಆಚೆಗೆ ಹೋದೆ.

ಅವೇ ಸಾಲುಗಳು. ಆ ಕಡೆಯಿಂದ ಬರುವ ಕಾರಿನವರಿಗೆ.