ಪಿಸ್ಟನ್ ಸುಟ್ಟಿದ್ದು ನಾನಲ್ಲ

"ಸರ, ನಿಮಗ ಟೂ ಸ್ಟ್ರೋಕ್ ಹೊಡೀಲಾಕ ಬರಲ್ಲ. ಸುಮ್ನ ಒಂದು ಸ್ಕೂಟಿ ತಗೊಳ್ರಿ."

ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ್ದ ನನ್ನ ಯಮಹಾ ಆರ್‌ಎಕ್ಸ್ 100 ಬೈಕಿನ ಎಂಜಿನ್ ದಾರಿಯಲ್ಲೇ ಹಿಡಿದುಕೊಂಡಿತ್ತು. ಅದನ್ನು ಬಿಚ್ಚಿದ ಮಿಸ್ತ್ರಿ ಹೀಗಂದ, ಅಷ್ಟು ಜನರ ಮುಂದೆ! ಪಂಕ್ಚರ್ ಹಾಕಿಸಲು ಬಂದವರು, ಚಹಾ ಕುಡಿಯುತ್ತಾ ನಿಂತವರು, ಸ್ಕೂಲ್ ಬ್ಯಾಗ್ ಹಾಕಿಕೊಂಡ ಇಬ್ಬರು ಹುಡುಗರು, ಎಲ್ಲರೂ ನಕ್ಕರು. ಮಿಸ್ತ್ರಿ ನನ್ನ ಪಿಸ್ಟನ್ ಎತ್ತಿ ಹಿಡಿದು ಒಬ್ಬೊಬ್ಬರಿಗೂ ತೋರಿಸಿದ. "ನೋಡ್ರಿ, ಹೊಸಾ ಪಿಸ್ಟನ್. ಹೆಂಗ ಸುಟ್ಟಾರ." ನಾನು ಬಾಯಿ ತೆಗೆಯುವ ಮುಂಚೆ ಅದು ಇನ್ನೊಬ್ಬರ ಕೈಗೆ ಹೋಗಿತ್ತು. ಒಬ್ಬ ಯಜಮಾನರು ಕನ್ನಡಕ ಸರಿಮಾಡಿಕೊಂಡು ನೋಡಿ, "ಹುಡುಗರ ಕೈಯಾಗ ಕೊಟ್ಟಿದ್ರೇನು?" ಅಂದರು. ನನ್ನ ಗಾಡಿಯನ್ನು ನಾನು ಯಾರ ಕೈಗೂ ಕೊಡುವುದಿಲ್ಲ. ಅಷ್ಟಾದರೂ ಹೇಳಬೇಕಿತ್ತು. ಗಂಟಲು ಕಟ್ಟಿತು. ಪಿಸ್ಟನ್ ಇಸ್ಕೊಂಡು, ಪೇಪರಿನಲ್ಲಿ ಸುತ್ತಿಕೊಂಡು ಬಂದುಬಿಟ್ಟೆ. ಬೆನ್ನ ಹಿಂದೆ ಇನ್ನೂ ನಗುತ್ತಿದ್ದರು.

ಪಿಸ್ಟನ್ ಮೇಲೆ ಗೆರೆ ಎಲ್ಲಿ ಬಿದ್ದಿದೆ ಅಂತ ಅಲ್ಲಿದ್ದ ಒಬ್ಬರೂ ನೋಡಲಿಲ್ಲ. ಸೈಲೆನ್ಸರ್ ಕಡೆಯ ಮೈಮೇಲೆ ಮಾತ್ರ ಇದೆ. ಉದ್ದುದ್ದ ಗೆರೆಗಳು. ಅಲ್ಯೂಮಿನಿಯಂ ಒರೆಸಿಕೊಂಡು ಹೋಗಿ ಪಿಸ್ಟನ್ ಸುತ್ತಲಿನ ರಿಂಗಿನ ಮೇಲೆ ಮೆತ್ತಿದೆ, ರಿಂಗ್ ಕೂತಲ್ಲೇ ಹಿಡಿದುಕೊಂಡಿದೆ. ಪಿಸ್ಟನ್ ಬೋರಿಗೆ (ಅದು ಓಡಾಡುವ ಸಿಲಿಂಡರಿನ ತೂತಿಗೆ) ಬಿಗಿಯಾಗಿದ್ದರೆ, ಅಥವಾ ನಾನು ತಣ್ಣನೆ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡಿದ್ದರೆ, ಸಾಮಾನ್ಯವಾಗಿ ಸುತ್ತ ನಾಲ್ಕೂ ಕಡೆ ಗೆರೆ ಬೀಳುತ್ತದೆ. ಹೊಗೆ ಹೋಗುವ ಒಂದೇ ಕಡೆ ಬಿದ್ದರೆ ಮೊದಲ ಅನುಮಾನ ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್ ಮೇಲೆ ಬರಬೇಕು. ಪ್ಲಗ್ ಬಿಚ್ಚಿದರೆ ಪೂರ್ತಿ ಬಿಳಿ. ಕಂದು ಬಣ್ಣ ಇರಬೇಕಿತ್ತು. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ, ಅದಕ್ಕೇ ಎಂಜಿನ್ ಮಿತಿಮೀರಿ ಕಾದಿದೆ, ಅಷ್ಟೇ ಕಥೆ.

ಮನೆಗೆ ಬಂದು ಕಾರ್ಬುರೇಟರ್ ಬಿಚ್ಚಿದೆ. ಆಕ್ಸಿಲರೇಟರ್ ತಿರುವಿದಾಗ ಮೇಲೇಳುವ ಸ್ಲೈಡಿನಿಂದ ಸೂಜಿ ಹೊರಗೆ ತೆಗೆದೆ. ಸೂಜಿಯ ತಲೆಯ ಹತ್ತಿರ ಐದು ಕಚ್ಚುಗಳಿವೆ, ಅದರಲ್ಲಿ ತೊಗರಿ ಬೇಳೆಗಿಂತ ಸಣ್ಣದೊಂದು ಕ್ಲಿಪ್ ಕೂರುತ್ತದೆ. ನಾನು ಗಾಡಿ ಕೊಡುವಾಗ ಕ್ಲಿಪ್ ನಡುವಿನ ಕಚ್ಚಿನಲ್ಲಿತ್ತು, ಫೋಟೋ ಇದೆ. ಈಗ ಎಲ್ಲಕ್ಕಿಂತ ಮೇಲಿನ ಕಚ್ಚಿನಲ್ಲಿದೆ! ಕ್ಲಿಪ್ ಮೇಲೆ ಹೋದರೆ ಸೂಜಿ ಕೆಳಗಿಳಿಯುತ್ತದೆ, ಪೆಟ್ರೋಲ್ ಬರುವ ದಾರಿ ಕಿರಿದಾಗುತ್ತದೆ. ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಮೇನ್ ಜೆಟ್ ಮೇಲಿನ ನಂಬರ್ ನೋಡಿದೆ, ಅದೂ ಮೊದಲಿದ್ದದ್ದಕ್ಕಿಂತ ಚಿಕ್ಕದು. ಇದಕ್ಕೆ ಇವರು ಇಟ್ಟ ಹೆಸರು ಮೈಲೇಜ್ ಸೆಟ್ಟಿಂಗ್. ಮೈಲೇಜ್ ಕೇಳಿದವರು ಯಾರು? ಹೊಲದ ದಾರಿಗೆ ಅಂತ ಬಟನ್ ಟೈರ್ ಹಾಕಿಸಿದ ಆರ್‌ಎಕ್ಸ್ 100ಕ್ಕೆ ಮೈಲೇಜ್ ಕಟ್ಟಿಕೊಂಡು ನಾನೇನು ಮಾಡಲಿ?

ಮೇನ್ ಜೆಟ್ ಕೆಲಸ ಮುಖ್ಯವಾಗಿ ಮುಕ್ಕಾಲು ಆಕ್ಸಿಲರೇಟರ್ ದಾಟಿದ ಮೇಲೆ. ಕಾಲು ಭಾಗದಿಂದ ಮುಕ್ಕಾಲಿನವರೆಗೆ ಹೆಚ್ಚಾಗಿ ಸೂಜಿಯದ್ದೇ ಆಟ. ಹೊಸ ರಿಂಗ್ ಬೋರಿಗೆ ಹೊಂದಿಕೊಳ್ಳುವ ತನಕ ಗಾಡಿ ಓಡಿಸೋದು ಅದೇ ಜಾಗದಲ್ಲಿ ಅಲ್ವಾ? ನಾನು ಸಿಲಿಂಡರ್ ಸುತ್ತಲಿನ ಫಿನ್ (ರೆಕ್ಕೆಗಳು) ಬೆಚ್ಚಗಾಗುವವರೆಗೆ ಕಾಯುತ್ತಿದ್ದೆ. ಅರ್ಧ ದಾಟಿಸಲಿಲ್ಲ. ಒಂದೇ ಸ್ಪೀಡಿನಲ್ಲಿ ಎಳೆಯಲಿಲ್ಲ, ಟಾಪ್ ಗೇರಿನಲ್ಲಿ ಗೊರಗೊರ ಅನ್ನಿಸಲಿಲ್ಲ. ಆಯಿಲ್ ಪಂಪ್ ಇದ್ದರೂ ಟ್ಯಾಂಕಿಗೆ ಸ್ವಲ್ಪ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಸೇರಿಸಿದ್ದೆ. ಹಾಗೆ ಸೇರಿಸಿದಾಗ ಜೆಟ್ಟಿನಿಂದ ಬರುವ ಪೆಟ್ರೋಲ್ ಇನ್ನೂ ಒಂಚೂರು ಕಮ್ಮಿಯಾಗುತ್ತದೆ. ಅದಕ್ಕೇ ಕಾರ್ಬುರೇಟರ್ ಮುಟ್ಟಬೇಡಿ ಅಂತ ಕೈ ಮುಗಿದು ಹೇಳಿದ್ದೆ. ಆಳಂದ ರಸ್ತೆಯ ಸಣ್ಣ ಏರಿನಲ್ಲಿ ಕಿರ್ ಅಂದು ಹಿಂದಿನ ಚಕ್ರ ನಿಂತಿತು. ಕ್ಲಚ್ ಹಿಡಿದದ್ದಕ್ಕೆ ಬದುಕಿದೆ. ಹಿಂದೆ ಲಾರಿ ಇತ್ತು.

ಮಿಸ್ತ್ರಿಗೆ ಫೋನ್ ಮಾಡಿದರೆ ಹೊಸ ಉತ್ತರ: "ಬಿಸಿಲಿಗ ಆಗ್ಯದ ಸರ." ಕಲಬುರಗಿ ಬಿಸಿಲು ಈ ವರ್ಷ ಹುಟ್ಟಿದ್ದೇ? ಬಿಸಿಲಿಗೆ ಎಂಜಿನ್ ತಣ್ಣಗಾಗೋದು ಕಷ್ಟ, ಒಪ್ಪುತ್ತೇನೆ. ಆದರೆ ಬಿಸಿ ಗಾಳಿ ತೆಳು. ಸೆಟ್ಟಿಂಗ್ ಮೊದಲಿನಂತೆಯೇ ಇದ್ದಿದ್ದರೆ ಪೆಟ್ರೋಲ್ ಪಾಲು ಜಾಸ್ತಿಯಾಗಬೇಕು, ಕಮ್ಮಿಯಾಗಬಾರದು. ಬೆಳಗ್ಗೆ ನನಗೆ ಓಡಿಸಲು ಬರಲ್ಲ, ಸಂಜೆ ಬಿಸಿಲಿನ ತಪ್ಪು. ಆ ಕ್ಲಿಪ್ ತಾನಾಗಿ ಎರಡು ಕಚ್ಚು ಮೇಲೆ ಹತ್ತಿತೇ? ಯಾರು ಹತ್ತಿಸಿದರು ಹೇಳಿ. ಮಿಸ್ತ್ರಿ ಹೇಳಲಿ, ಅಂಗಡಿ ಹುಡುಗ ಹೇಳಲಿ, ಅಲ್ಲಿ ನಿಂತು ನಕ್ಕವರಲ್ಲಿ ಯಾರಾದರೂ ಹೇಳಲಿ.

ಹೋಗಲಿ ಬಿಡಿ. ಯಾರ ಹತ್ತಿರ ಜಗಳ ಮಾಡಲಿ? ಆರ್‌ಎಕ್ಸ್ 100 ತಯಾರಿಕೆ ನಿಂತದ್ದು 1996ರಲ್ಲಿ. 2020ರಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಕೆಲಸ ಕಲಿತ ಹುಡುಗರಿಗೆ ಕಾರ್ಬುರೇಟರ್ ಕೈಗೆ ಸಿಗೋದೇ ಅಪರೂಪ. ಈ ಮಿಸ್ತ್ರಿಯ ಬೋರ್ ಕೆಲಸದಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ. ಬೋರಿನ ಒಳಮೈ ತೀಡಿದ ಹೋನಿಂಗ್ ಗೆರೆ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು. ಅಂಥ ಕೈ ಇಟ್ಟುಕೊಂಡು ಇಂಥ ಕೆಲಸ ಯಾಕೆ ಮಾಡುತ್ತಾನೆ?

ಇಲ್ಲ, ಬಿಡೋದಿಲ್ಲ. ಕಾಲು ಮಿಲಿಮೀಟರ್ ಅಂದರೆ ಇವರಿಗೆ ಲೆಕ್ಕವೇ ಇಲ್ಲ. 50 ಮಿಲಿಮೀಟರ್ ಬೋರ್, ಕೊರೆದು ಕೊರೆದು ಈಗಾಗಲೇ 0.50 ಓವರ್‌ಸೈಜ್ (ಅಷ್ಟು ದೊಡ್ಡದು) ಆಗಿದೆ. ಇನ್ನು 0.75, ಆಮೇಲೆ 1.00, ಅಲ್ಲಿಗೆ ಮುಗಿಯಿತು. ಯಾರದೋ ಮೈಲೇಜ್ ಚಟಕ್ಕೆ ನನ್ನ ಸಿಲಿಂಡರಿನ ಒಂದು ಜನ್ಮ ಹೋಯಿತು.

ಸಿಲಿಂಡರ್ ಅವನ ಹತ್ತಿರವೇ ಒಯ್ಯುತ್ತೇನೆ, ಬೇರೆ ದಾರಿ ಇಲ್ಲ. ಕಾರ್ಬುರೇಟರ್ ಮಾತ್ರ ಮನೆಯಲ್ಲೇ ಇರುತ್ತದೆ. ಸೊಲ್ಲಾಪುರದಲ್ಲೋ ಹೈದರಾಬಾದ್‌ನಲ್ಲೋ ಅಸಲಿ ಜೆಟ್, ಸೂಜಿ ಸಿಗುವ ಅಂಗಡಿ ಗೊತ್ತಿದ್ದವರು ದಯವಿಟ್ಟು ತಿಳಿಸಿ. ನಕಲಿ ಬೇಡ.